ಹಳೆಯ ಬೈಕಿನ ಟೈರು: ಅಳತೆ ಹಳೆಯದಿರಲಿ, ರಬ್ಬರು ಹೊಸದಿರಲಿ

(ಹಳೆಯ ಮೋಟಾರ್ ಸೈಕಲ್ ಇಟ್ಟುಕೊಂಡು ಓಡಿಸುವವರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಆಡಿದ ಧಾಟಿಯನ್ನೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ಗಾಡಿಯೊಂದನ್ನು ಮತ್ತೆ ರಸ್ತೆಗಿಳಿಸೋಕೆ ಹೊರಟಾಗ ದುಡ್ಡು ಯಾವ ಕ್ರಮದಲ್ಲಿ ಕರಗುತ್ತೆ ಅನ್ನೋದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಮೊದಲು ಎಂಜಿನ್ನು: ಬೋರ್ ಮಾಡಿಸಬೇಕು, ಪಿಸ್ಟನ್ ಹುಡುಕಬೇಕು, ಕ್ರ್ಯಾಂಕ್ ಬಿಚ್ಚಿಸಬೇಕು. ಆಮೇಲೆ ಪೇಂಟು, ಕ್ರೋಮು, ಸೀಟು, ವೈರಿಂಗು. ಎಲ್ಲ ಮುಗಿದ ಮೇಲೆ ಜೇಬಿನಲ್ಲಿ ಏನು ಉಳಿದಿದೆಯೋ ಅದರಲ್ಲಿ ಟೈರು. ಎಷ್ಟೋ ಸಲ ಟೈರಿನ ಸರದಿ ಬರೋದೇ ಇಲ್ಲ. "ಗ್ರಿಪ್ ಚೆನ್ನಾಗೇ ಇದೆಯಲ್ಲ" ಅಂತ ಇದ್ದದ್ದನ್ನೇ ತೊಳೆದು, ಪಾಲಿಶ್ ಹಚ್ಚಿ, ಗಾಡಿ ಹೊರಗೆ ತರ್ತೀವಿ.

ನಾನು ಇವತ್ತು ಹೇಳಬೇಕಾಗಿರೋದು ಇಷ್ಟು: ಅಳತೆ ಹಳೆಯದೇ ಇರಲಿ, ರಬ್ಬರು ಮಾತ್ರ ಹೊಸದಾಗಿರಲಿ. ನಮ್ಮಲ್ಲಿ ನಡೀತಿರೋದು ಇದಕ್ಕೆ ತದ್ವಿರುದ್ಧ. ಒರಿಜಿನಲ್ ಅನ್ನೋ ಪ್ರೀತಿಯಿಂದ ಮೂವತ್ತು ವರ್ಷದ ರಬ್ಬರನ್ನು ಉಳಿಸಿಕೊಳ್ತೀವಿ. ಇಲ್ಲಾ, ಹೊಸದು ಹಾಕಿಸುವಾಗ ನೋಡೋಕೆ ಭರ್ಜರಿಯಾಗಿರಲಿ ಅಂತ ದಪ್ಪ ಟೈರು ತಂದು ಅಳತೆಯನ್ನೇ ಬದಲಾಯಿಸ್ತೀವಿ. ಉಳಿಸಬೇಕಾದ್ದನ್ನು ಬದಲಾಯಿಸಿ, ಬದಲಾಯಿಸಬೇಕಾದ್ದನ್ನು ಉಳಿಸೋದು ಅಂದರೆ ಇದೇ.

ಮೊದಲು ರಬ್ಬರಿನ ವಿಷಯ. ದಿನಾ ಓಡುವ ಗಾಡಿಯ ಟೈರು ಸವೆದು ಸಾಯುತ್ತೆ. ನಮ್ಮ ಗಾಡಿಗಳ ಟೈರು ಸವೆಯೋಕೆ ಮುಂಚೆಯೇ ಮುಪ್ಪಾಗಿ ಸಾಯುತ್ತೆ. ಗಾಳಿಯಲ್ಲಿರುವ ಆಮ್ಲಜನಕ, ಓಝೋನ್, ಬಿಸಿಲು, ಶಾಖ ಎಲ್ಲ ಸೇರಿ ರಬ್ಬರನ್ನು ಒಳಗಿಂದ ಒಣಗಿಸುತ್ತವೆ. ಇದನ್ನು ತಡೆಯೋಕೆ ತಯಾರಕರು ರಬ್ಬರಿನೊಳಗೇ ಒಂದು ಥರದ ಮೇಣ ಮತ್ತು ಕೆಲವು ರಾಸಾಯನಿಕ ಬೆರೆಸಿರ್ತಾರೆ. ಟೈರು ಉರುಳ್ತಾ, ಬಾಗ್ತಾ, ಬಿಸಿಯಾಗ್ತಾ ಇದ್ದರೆ ಅದು ಮೆಲ್ಲಗೆ ಮೇಲ್ಮೈಗೆ ಬಂದು ಪೊರೆ ಕಟ್ಟುತ್ತೆ. ಗಾಡಿ ನಿಂತಲ್ಲೇ ನಿಂತಿದ್ದರೆ ಆ ಪೊರೆ ಸರಿಯಾಗಿ ಕಟ್ಟೋದೇ ಇಲ್ಲ. ಹಾಗಾಗಿ "ಓಡಿಸೇ ಇಲ್ಲ, ಟೈರು ಹೊಸದರ ಹಾಗಿದೆ" ಅನ್ನೋ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ. ಓಡಿಸದೆ ಇದ್ದದ್ದೇ ಅದಕ್ಕೆ ಆಗಿರುವ ಕೇಡು.

ಟೈರಿನ ವಯಸ್ಸು ಅದರ ಮೈಮೇಲೇ ಬರೆದಿರುತ್ತೆ. ಪಕ್ಕದ ಗೋಡೆಯಲ್ಲಿ ಒಂದು ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತೆ. 3219 ಅಂತಿದ್ದರೆ 2019ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು; ಅಂಥ ಟೈರಿನ ಬಗ್ಗೆ ಮುಂದೆ ಮಾತೇ ಬೇಡ, ಕಳಚಿ. ಅಂಗಡಿಯಲ್ಲಿ ಟೈರು ಕೊಳ್ಳುವಾಗ ಬೆಲೆ ಕೇಳೋಕೆ ಮುಂಚೆ ಈ ಅಂಕಿ ನೋಡಿ. ನಮ್ಮ ಅಳತೆಯ ಟೈರು ಬೇಗ ಖರ್ಚಾಗೋದಿಲ್ಲ. ಅಟ್ಟದ ಮೇಲೆ ನಾಲ್ಕೈದು ವರ್ಷ ಕೂತದ್ದನ್ನು ಒರೆಸಿ ಕೊಡೋದು ಇದ್ದದ್ದೇ. ಆರು ತಿಂಗಳು, ಒಂದು ವರ್ಷದ ಹಿಂದಿನದಾದರೆ ಯೋಚನೆ ಇಲ್ಲ. ಮೂರು ವರ್ಷ ದಾಟಿದ್ದನ್ನು ಪೂರ್ತಿ ಬೆಲೆ ಕೊಟ್ಟು ತರಬೇಡಿ.

ಇನ್ನೊಂದು ಪರೀಕ್ಷೆ ಇದೆ. ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಟೈರಿನ ಗಾಳಿ ಅರ್ಧ ಇಳಿಸಿ, ಪಕ್ಕದ ಗೋಡೆಯನ್ನು ಎರಡೂ ಹೆಬ್ಬೆರಳಿನಿಂದ ಒಳಗೆ ಒತ್ತಿ. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಗಾಳಿ ತುಂಬಿದ್ದಾಗ ಕಾಣದಿದ್ದ ಕೂದಲೆಳೆಯಂಥ ಬಿರುಕುಗಳು ಆಗ ಬಾಯಿ ಬಿಡುತ್ತವೆ. ಗ್ರಿಪ್ಪಿನ ಕಟ್ಟೆಗಳ ಬುಡದಲ್ಲೂ ನೋಡಿ. ಅಲ್ಲಿ ಬಿರುಕಿದ್ದು ಒಳಗಿನ ನೂಲು ಇಣುಕ್ತಾ ಇದ್ದರೆ ಆ ಗಾಡಿಯನ್ನು ಟೈರಿನಂಗಡಿಗೂ ಓಡಿಸಿಕೊಂಡು ಹೋಗಬೇಡಿ, ಚಕ್ರ ಬಿಚ್ಚಿ ತೆಗೆದುಕೊಂಡು ಹೋಗಿ. ಉಗುರಿನಿಂದ ಗ್ರಿಪ್ಪಿನ ಮೇಲೆ ಒತ್ತಿ ನೋಡಿ. ಗುರುತು ಬೀಳದೆ ಪ್ಲಾಸ್ಟಿಕ್ಕಿನ ಹಾಗೆ ಜಾರಿದರೆ ಒದ್ದೆ ರಸ್ತೆಯಲ್ಲೂ ಅದು ಹಾಗೇ ಜಾರೋದು.

ಕಾನೂನು ಅಂಕಿ ಹೇಳಿ ಕೇಳೋದು ಗ್ರಿಪ್ಪಿನ ಆಳವನ್ನ. ದ್ವಿಚಕ್ರ ವಾಹನಕ್ಕೆ ಅದು 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅನ್ನೋದು ಕೇಂದ್ರ ಮೋಟಾರು ವಾಹನ ನಿಯಮ. ನಮ್ಮ ಗಾಡಿಗಳು ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತವೆ. ಐದು ಮಿಲಿಮೀಟರ್ ಗ್ರಿಪ್ ಇರುತ್ತೆ, ಕಲ್ಲಿನ ಹಾಗೆ ಗಟ್ಟಿಯಾಗಿರುತ್ತೆ. ಆಗುಂಬೆ ಘಾಟಿಯ ಮಳೆಯಲ್ಲಿ ಆ ಐದು ಮಿಲಿಮೀಟರ್ ಯಾರನ್ನೂ ಕಾಯೋದಿಲ್ಲ. ನನ್ನ ಲೆಕ್ಕದಲ್ಲಿ ಏಳು ವರ್ಷ ದಾಟಿದ ಟೈರು ಓಡಿಸೋಕಲ್ಲ. ಹತ್ತು ದಾಟಿದ್ದರ ಬಗ್ಗೆ ಚರ್ಚೆಯೇ ಬೇಡ.

ಹಳೆಯ ಡನ್‌ಲಪ್ ಟೈರು ಖಾಕಿ ಕಾಗದ ಸುತ್ತಿಕೊಂಡು ಹಾಗೇ ಸಿಕ್ಕಿತು ಅಂತ ಸಂಭ್ರಮ ಪಡೋರನ್ನು ಕಂಡಿದ್ದೇನೆ. ಆ ಸಂಭ್ರಮ ನನಗೂ ಅರ್ಥವಾಗುತ್ತೆ. ಪಶ್ಚಿಮ ಬಂಗಾಳದ ಸಾಹಾಗಂಜ್‌ನಲ್ಲಿ 1936ರಲ್ಲಿ ಶುರುವಾದ ಕಾರ್ಖಾನೆ ಅದು, ಇವತ್ತು ಮುಚ್ಚಿದೆ. ಆ ಅಚ್ಚು, ಆ ಅಕ್ಷರ ಮತ್ತೆ ಬರೋದಿಲ್ಲ. ಅದನ್ನು ಇಟ್ಟುಕೊಳ್ಳಿ. ಅನುಕೂಲ ಇದ್ದರೆ ಬೇರೊಂದು ಜೊತೆ ರಿಮ್ಮಿಗೆ ಹಾಕಿಸಿ, ಪ್ರದರ್ಶನಕ್ಕೆ ಗಾಡಿ ನಿಲ್ಲಿಸುವ ದಿನ ಬಳಸಿ. ಅದರ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಡಿ.

ಈಗ ಅಳತೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿದ್ದು 1961ರಲ್ಲಿ. 1973ರ ಹೊತ್ತಿಗೆ ಜಾವಾ ಹೋಗಿ ಯೆಜ್ಡಿ ಹೆಸರು ಬಂತು, 1996ರಲ್ಲಿ ಬಾಗಿಲು ಬಿತ್ತು. ಅದೇ ಊರಲ್ಲಿ ವಿಕ್ರಾಂತ್ ಟೈರ್ಸ್ ಕೂಡ ಇತ್ತು. ಲಾರಿ ಬಸ್ಸಿನ ಟೈರಿಗೆ ಹೆಸರಾಗಿದ್ದು, 1997ರಲ್ಲಿ ಜೆಕೆ ಟೈರ್ ಕೈಗೆ ಹೋಯಿತು. ಬೈಕೂ ಟೈರೂ ಎರಡೂ ತಯಾರಾಗುತ್ತಿದ್ದ ಊರಿನ ಗಾಡಿಗೆ ಇವತ್ತು ಟೈರು ಹುಡುಕಿಕೊಂಡು ಅಲೆಯೋದು ನನಗೆ ನಿಜಕ್ಕೂ ಸಂಕಟದ ವಿಷಯ.

ಯಾಕೆ ಅಲೆಯಬೇಕು ಅಂದರೆ, ಹಳೆಯ ಜಾವಾ 250ಕ್ಕೆ ಬೇಕಾದ್ದು 3.25-16. ಮೊದಲ ಸಂಖ್ಯೆ ಟೈರಿನ ಅಗಲ, ಇಂಚಿನಲ್ಲಿ. ಎರಡನೆಯದು ರಿಮ್ಮಿನ ವ್ಯಾಸ, ಅದೂ ಇಂಚಿನಲ್ಲೇ. ಹಳೆಯ ಬುಲೆಟ್ಟಿಗೆ ಮುಂದೆ ಹಿಂದೆ ಎರಡಕ್ಕೂ 3.25-19. ಅಗಲ ಒಂದೇ, ವ್ಯಾಸ ಬೇರೆ. ಈ ಮೂರಿಂಚಿನ ವ್ಯತ್ಯಾಸದಲ್ಲಿ ಎರಡು ಗಾಡಿಗಳ ಹಣೆಬರಹವೇ ಬೇರೆಯಾಗಿದೆ. ಬುಲೆಟ್ ದಶಕಗಟ್ಟಲೆ ನಿಲ್ಲದೆ ತಯಾರಾದ್ದರಿಂದ 3.25-19 ನಮ್ಮ ದೇಶದಲ್ಲಿ ಯಾವತ್ತೂ ಮಾಯವಾಗಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಿಂದ ಹರಾಜಾಗಿ ಬಂದ ಬಿಎಸ್‌ಎ ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3ಎಲ್ ಇವುಗಳಿಗೂ ಅದೇ 3.25-19. ಇಲ್ಲಿ ಬ್ರಿಟಿಷ್ ಗಾಡಿ ಇಟ್ಟುಕೊಂಡಿರುವವರು ಇವತ್ತಿಗೂ ನಿಶ್ಚಿಂತೆಯಿಂದ ಓಡಿಸ್ತಿದ್ದರೆ ಅದರ ಪುಣ್ಯದಲ್ಲಿ ಬುಲೆಟ್ಟಿಗೂ ಪಾಲಿದೆ. ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರಿಗೂ ತೊಂದರೆ ಇಲ್ಲ. ಮುಂದೆ 2.50-18, ಹಿಂದೆ 2.75-18, ಯಾವ ಊರಿಗೆ ಹೋದರೂ ಸಿಗುತ್ತೆ. ಜಾವಾದ ಹದಿನಾರು ಇಂಚು ಮಾತ್ರ ಅನಾಥವಾಯಿತು.

ಅನಾಥವಾದಾಗ ಏನಾಗುತ್ತೆ ಅಂದರೆ, ಅಂಗಡಿಯವರು "ಹದಿನಾರು ತಾನೆ ಸಾರ್, ಇದೆ" ಅಂತ 2.50-16 ತೆಗೆದು ಕೊಡ್ತಾರೆ. ಅದು ಟಿವಿಎಸ್ ಎಕ್ಸ್‌ಎಲ್‌ನ ಟೈರು. ರಿಮ್ಮಿನ ಮೇಲೆ ಕೂರುತ್ತೆ, ಗಾಳಿ ನಿಲ್ಲುತ್ತೆ, ಗಾಡಿ ಓಡುತ್ತೆ. ಇಲ್ಲೇ ನಾನು ಸ್ವಲ್ಪ ನಿಂತು ಲೆಕ್ಕ ಹಾಕಿ ತೋರಿಸ್ತೀನಿ, ಯಾಕೆಂದರೆ ನಮ್ಮಲ್ಲಿ ಬಹಳ ಜನ ನೋಡದೆ ಬಿಡುವ ಸಂಖ್ಯೆ ಇದು.

ಅಳತೆಯ ಪಕ್ಕದಲ್ಲಿ ಒಂದು ಸಂಖ್ಯೆ, ಅದರ ಬೆನ್ನಿಗೊಂದು ಅಕ್ಷರ ಇರುತ್ತೆ. ಸಂಖ್ಯೆ ಭಾರದ್ದು, ಅಕ್ಷರ ವೇಗದ್ದು. 41 ಅಂದರೆ ಆ ಟೈರು ಹೊರಬಲ್ಲ ಭಾರ 145 ಕೆಜಿ. 50 ಅಂದರೆ 190. 54 ಅಂದರೆ 212. ಎಲ್ ಅಂದರೆ ಗಂಟೆಗೆ 120 ಕಿಲೋಮೀಟರ್, ಪಿ ಅಂದರೆ 150. ಈಗ ಜಾವಾ ತೂಕ ಅಂದಾಜು 135 ಕೆಜಿ ಅಂತ ಇಟ್ಟುಕೊಳ್ಳಿ. ಎಪ್ಪತ್ತೆಪ್ಪತ್ತು ಕೆಜಿಯ ಇಬ್ಬರು ಕೂತರು, ಜೊತೆಗೊಂದು ಬ್ಯಾಗು. ಒಟ್ಟು 290ರ ಹತ್ತಿರ. ಇಬ್ಬರು ಕೂತಾಗ ಅದರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಹಿಂದಿನ ಚಕ್ರದ ಮೇಲೆ ಬೀಳುತ್ತೆ, ಅಂದರೆ 180ರ ಆಸುಪಾಸು. ಮೊಪೆಡ್ಡಿಗೆ ಅಂತ ಮಾಡಿದ 41ರ ಟೈರು 145ಕ್ಕೆ ನಿಲ್ಲುತ್ತೆ. ಮಿಕ್ಕ 35 ಕೆಜಿ ಏನಾಗುತ್ತೆ? ಟೈರಿನ ಗೋಡೆ ಪ್ರತಿ ಸುತ್ತಿಗೂ ಲೆಕ್ಕಕ್ಕಿಂತ ಹೆಚ್ಚು ಮಡಚಿಕೊಳ್ಳುತ್ತೆ, ಬಿಸಿಯಾಗುತ್ತೆ. ಊರೊಳಗೆ ಗೊತ್ತಾಗಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಬೆಂಗಳೂರು–ಮೈಸೂರು ನಡುವೆ ಒಂದೇ ಸಮ ಓಡಿಸುವಾಗ ಗೊತ್ತಾಗುತ್ತೆ. ವೇಗದ ಅಕ್ಷರದ ಬಗ್ಗೆ ನಮಗೆ ಹೆಚ್ಚು ಚಿಂತೆ ಬೇಡ, ನಮ್ಮ ಗಾಡಿಗಳಿಗೆ ಪಿ ಧಾರಾಳವಾಯಿತು. ಭಾರದ ಸಂಖ್ಯೆಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ.

ಯುರೋಪಿನಲ್ಲಿ ಹಳೆಯ ಜಾವಾ ಓಡಿಸುವವರು ಇನ್ನೂ ಇರೋದರಿಂದ ಅಲ್ಲಿ ಹದಿನಾರು ಇಂಚಿನ ಟೈರುಗಳು ತಯಾರಾಗ್ತಾನೇ ಇವೆ. ಚೆಕ್ ಮೂಲದ ಮಿತಾಸ್, ಜರ್ಮನಿಯ ಹೈಡೆನೌ ಈ ಅಳತೆಗಳಿಗೆ ಹೆಸರಾದವು. ಆದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಹಾಕಿತು, ಮೋಟಾರ್ ಸೈಕಲ್ ಟೈರೂ ಅದರಲ್ಲಿ ಸೇರಿದೆ. ಅಲ್ಲಿಂದ ಮುಂದೆ ಹೊರಗಿನ ಟೈರು ತರಿಸೋದು ಕಷ್ಟವಾಯಿತು. ನಮ್ಮ ದೇಶದ ಸಣ್ಣ ತಯಾರಕರು ಆಗಾಗ 3.25-16 ಒಂದಷ್ಟು ಮಾಡಿ ಬಿಡ್ತಾರೆ. ಬಂದಾಗ ನಾಲ್ಕೈದು ಜನ ಸೇರಿ ತರಿಸಿಕೊಳ್ಳೋದು ಒಳ್ಳೆಯದು. ಆದರೆ ಹತ್ತು ವರ್ಷಕ್ಕೆ ಆಗುವಷ್ಟು ತಂದು ಅಟ್ಟದಲ್ಲಿಡಬೇಡಿ. ಮುಪ್ಪಿನ ಲೆಕ್ಕ ಅಟ್ಟದ ಮೇಲೂ ನಡೀತಾನೇ ಇರುತ್ತೆ.

ಯುದ್ಧಕ್ಕೂ ಹಿಂದಿನ ಗಾಡಿ ಇಟ್ಟುಕೊಂಡಿರುವವರಿಗೆ ಒಂದು ಮಾತು. ಆಗ ಅಳತೆ ಬರೆಯುವ ಕ್ರಮವೇ ಬೇರೆ. 26 ಗುಣಿಸು 3.00 ಅಂತಿದ್ದರೆ 26 ಇಂಚು ಅನ್ನೋದು ಟೈರಿನ ಹೊರ ವ್ಯಾಸ, ರಿಮ್ಮಿನದ್ದಲ್ಲ. ಎರಡು ಕಡೆಯ ಮೂರು ಮೂರು ಇಂಚು ಕಳೆದರೆ 20, ಅಂದರೆ ಇವತ್ತಿನ ಭಾಷೆಯಲ್ಲಿ 3.00-20. ಇಪ್ಪತ್ತರ ದಶಕದ ಗಾಡಿಗಳಲ್ಲಿ ಅಂಚು ಮಡಿಸಿದ ರಿಮ್ಮಿಗೆ ಸಿಕ್ಕಿಸುವ ಟೈರು ಇರುತ್ತೆ. ಅದಕ್ಕೆ ಈಗಿನ ಯಾವ ಟೈರೂ ಒಗ್ಗೋದಿಲ್ಲ, ಬಲವಂತ ಮಾಡಬೇಡಿ.

ಮಿಲಿಮೀಟರಿನ ಅಳತೆ ಬಂದ ಮೇಲೆ ಗೊಂದಲ ಹೆಚ್ಚಿದೆ. 90/90-19 ಅಂದರೆ ಅಗಲ 90 ಮಿಲಿಮೀಟರ್, ಎತ್ತರ ಆ ಅಗಲದ ನೂರಕ್ಕೆ ತೊಂಬತ್ತು, ರಿಮ್ಮು 19 ಇಂಚು. 3.25 ಇಂಚನ್ನು ಮಿಲಿಮೀಟರಿಗೆ ತಿರುಗಿಸಿದರೆ 82.5 ಬರುತ್ತೆ, ಆದ್ದರಿಂದ 80ರ ಟೈರು ಸರಿ ಅಂತ ಲೆಕ್ಕ ಹಾಕೋರಿದ್ದಾರೆ. ಅದು ತಪ್ಪು. 3.25ರ ಟೈರು ರಿಮ್ಮಿನ ಮೇಲೆ ಕೂತು ಗಾಳಿ ತುಂಬಿದಾಗ ನಿಜವಾದ ಅಗಲ 89ರ ಹತ್ತಿರ ಬರುತ್ತೆ. 3.00ರದ್ದು ಸುಮಾರು 80, 3.50ರದ್ದು ಸುಮಾರು 93. ಹಾಗಾಗಿ 3.25ಕ್ಕೆ ಬದಲಿ ಬೇಕಾದರೆ 90/90. ಅದು ಹಳೆಯದಕ್ಕಿಂತ ವ್ಯಾಸದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಇರುತ್ತೆ, ಅಷ್ಟರಿಂದ ತೊಂದರೆ ಇಲ್ಲ.

ದಪ್ಪ ಟೈರಿನ ಮೋಹಕ್ಕೆ ಬರ್ತೀನಿ. ಬುಲೆಟ್ಟಿಗೆ ಹಿಂದೆ 110 ಹಾಕಿಸಬೇಕು, ಜಾವಾಕ್ಕೆ 100 ಹಾಕಿಸಬೇಕು ಅನ್ನೋ ಆಸೆ ಯುವಕರಲ್ಲಿ ಜಾಸ್ತಿ. ಟೈರಿನ ಅಗಲವನ್ನು ನಿರ್ಧರಿಸೋದು ರಿಮ್ಮಿನ ಅಗಲ. ಹಳೆಯ ಬುಲೆಟ್ಟಿನ ರಿಮ್ಮು ಡಬ್ಲ್ಯುಎಂ2, ಅಂದರೆ ಒಳ ಅಂಚಿನಿಂದ ಒಳ ಅಂಚಿಗೆ 1.85 ಇಂಚು, 47 ಮಿಲಿಮೀಟರ್. 3.25ರ ಟೈರಿಗೆ ಅದು ಸರಿಯಾದ ಜೋಡಿ. 110/90ಕ್ಕೆ ಕನಿಷ್ಠ 2.15 ಇಂಚಿನ ರಿಮ್ಮು ಬೇಕು. 1.85ರ ಮೇಲೆ ಅದನ್ನು ಕೂರಿಸಿದರೆ ಬಲೂನನ್ನು ಬುಡದಲ್ಲಿ ಹಿಂಡಿ ಹಿಡಿದ ಹಾಗೆ ಎರಡೂ ಅಂಚು ಒಳಕ್ಕೆ ಎಳೆದುಕೊಂಡು ನಡು ಉಬ್ಬುತ್ತೆ. ರಸ್ತೆಗೆ ತಾಗುವ ಜಾಗ ಹೆಚ್ಚಾಗಲಿ ಅಂತ ದಪ್ಪ ಹಾಕಿಸಿದ್ದು, ಆದರೆ ನಡು ಉಬ್ಬಿದ್ದರಿಂದ ನೇರ ಓಡುವಾಗ ತಾಗುವ ಪಟ್ಟಿ ಕಿರಿದಾಗುತ್ತೆ. ತಿರುವಿನಲ್ಲಿ ಗಾಡಿ ಮೊದಲು ಬಗ್ಗಲ್ಲ, ಬಗ್ಗಿದರೆ ಒಮ್ಮೆಲೇ ಬಗ್ಗುತ್ತೆ. ಇಷ್ಟು ಸಾಲದು ಅಂತ ಜಾವಾದಲ್ಲಿ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿರೋದು. ಟೈರು ಉಬ್ಬಿದರೆ ಆ ಪೆಟ್ಟಿಗೆಗೆ ಉಜ್ಜುತ್ತೆ. ಒಬ್ಬರೇ ಓಡಿಸುವಾಗ ಉಜ್ಜದೆ, ಇಬ್ಬರು ಕೂತು ಶಾಕ್ ಅಬ್ಸಾರ್ಬರ್ ಇಳಿದಾಗ ಮಾತ್ರ ಮಡ್‌ಗಾರ್ಡಿನ ಒಳಗೆ ತಾಗೋದೂ ಉಂಟು. ಆ ಗಾಡಿಯನ್ನು ರೂಪಿಸಿದವರು ಚಕ್ರದ ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೋ ಅಷ್ಟು ಜಾಗಕ್ಕೆ ಗೌರವ ಕೊಡೋಣ.

ರೇಡಿಯಲ್ ಟೈರಿನ, ಅಂದರೆ ಒಳಗಿನ ನೂಲು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾಯುವ ಟೈರಿನ ವಿಷಯವೂ ಅಷ್ಟೇ. ನಮ್ಮ ಗಾಡಿಗಳ ಫ್ರೇಮು, ಫೋರ್ಕು, ಕಡ್ಡಿ ಚಕ್ರ ಎಲ್ಲ ಹಳೆಯ ಕ್ರಾಸ್‌ಪ್ಲೈ ಟೈರನ್ನು, ಅಂದರೆ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟುವ ಟೈರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಮುಂದೊಂದು ಥರ ಹಿಂದೊಂದು ಥರ ಹಾಕೋದಂತೂ ಅಪಾಯ.

ಗ್ರಿಪ್ಪಿನ ಅಚ್ಚಿನ ಆಯ್ಕೆಯಲ್ಲಿ ಹಳಬರ ತಿಳುವಳಿಕೆ ಇವತ್ತಿಗೂ ಸರಿ. ಮುಂದಕ್ಕೆ ರಿಬ್, ಹಿಂದಕ್ಕೆ ಕಟ್ಟೆ ಕಟ್ಟೆಯಾಗಿರುವ ಗ್ರಿಪ್. ರಿಬ್ಬಿನ ಉದ್ದುದ್ದ ಗೀರುಗಳು ಹ್ಯಾಂಡಲ್ ತಿರುಗಿಸಿದ ಕಡೆಗೆ ಚಕ್ರವನ್ನು ಹಿಡಿದು ನಿಲ್ಲಿಸುತ್ತವೆ. ಹಿಂದಿನ ಚಕ್ರ ನೆಲವನ್ನು ಒದ್ದು ತಳ್ಳಬೇಕಾದ್ದರಿಂದ ಅಲ್ಲಿ ಅಡ್ಡ ಅಂಚುಗಳು ಬೇಕು. ಗುಂಡಿಯಂಥ ಬಿಡಿ ಕಟ್ಟೆಗಳಿರುವ ಬಟನ್ ಟೈರು ಕಾಫಿ ತೋಟದ ಮಣ್ಣು ದಾರಿಗೆ ಒಳ್ಳೆಯದು, ಡಾಂಬರಿನ ಮೇಲೆ ಒದ್ದೆಯಾದಾಗ ನನಗೆ ಇಷ್ಟವಿಲ್ಲ. ಪಕ್ಕದ ಗೋಡೆಯ ಮೇಲೆ ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ದಿಕ್ಕು. ಹಾಕುವವರಿಗೆ ಮೊದಲೇ ತೋರಿಸಿ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಹೊಸ ಟೈರಿಗೆ ಹೊಸ ಟ್ಯೂಬು, ಕಡ್ಡಿಯ ತುದಿ ಟ್ಯೂಬಿಗೆ ಚುಚ್ಚದ ಹಾಗೆ ರಿಮ್ಮಿನ ಸುತ್ತ ಹಾಕುವ ಹೊಸ ರಿಮ್ ಟೇಪು. ಹಳೆಯ ಟ್ಯೂಬು ಹಿಗ್ಗಿರುತ್ತೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ತೂತಾಗುತ್ತೆ. ಹದಿನಾರಕ್ಕೆ ಹದಿನೆಂಟರ ಟ್ಯೂಬು ತುರುಕಿದರೂ ಅದೇ ಕಥೆ. ರಿಮ್ಮಿನ ಒಳಗೆ ತುಕ್ಕಿನ ಹಳುಕು ಇದ್ದರೆ ಉಜ್ಜಿಸಿ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲಿನಿಂದ ಹೊರಗೆ ಚಾಚಿದ ಕಡ್ಡಿಯ ತುದಿ ಇದ್ದರೆ ಅರದಿಂದ ಉಜ್ಜಿಸಿ. ಟೈರಿನ ಒಳಗೆ ಕಾಗದದ ಲೇಬಲ್ ಅಂಟಿಸಿದ್ದರೆ ಕಿತ್ತು ಹಾಕಿ, ಅದರ ಅಂಚೇ ಟ್ಯೂಬನ್ನು ಸವೆಸುತ್ತೆ. ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿಗೆ ಒತ್ತಿಕೊಂಡು ಟೈರಿನ ಮೇಲೆ ಒಂದು ಸಣ್ಣ ಗೆರೆ ಸುತ್ತಲೂ ಕಾಣುತ್ತೆ. ಆ ಗೆರೆ ರಿಮ್ಮಿನಿಂದ ಎಲ್ಲ ಕಡೆ ಸಮದೂರದಲ್ಲಿದ್ದರೆ ಟೈರು ಸರಿಯಾಗಿ ಕೂತಿದೆ. ಒಂದು ಕಡೆ ಮುಳುಗಿದ್ದರೆ ಗಾಳಿ ಬಿಟ್ಟು, ಸೋಪು ನೀರು ಹಚ್ಚಿಸಿ ಮತ್ತೆ ತುಂಬಿಸಿ. ಹಾಗೇ ಬಿಟ್ಟರೆ ಓಡಿಸುವಾಗ ಗಾಡಿ ಕುಣಿಯುತ್ತೆ, ಆಗ ನೀವು ಬೇರಿಂಗು, ಬುಶ್ಶು ಅಂತ ಬೇರೆಲ್ಲೋ ಹುಡುಕ್ತಾ ಇರ್ತೀರಿ.

ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಸ್ವಲ್ಪ ಮೇಲೆ ಬಿಡಿ. ಗಾಳಿ ಕಡಿಮೆಯಾದಾಗ ಬ್ರೇಕಿನ ಎಳೆತಕ್ಕೆ ಟೈರು ರಿಮ್ಮಿನ ಮೇಲೆ ಜರುಗುತ್ತೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತೆ. ನಟ್ಟು ಸಡಿಲವಿದ್ದರೆ ವಾಲ್ವು ಓರೆಯಾಗಿ ನಿಂತು ನಿಮಗೆ ಮುನ್ಸೂಚನೆ ಕೊಡುತ್ತೆ. ಬಿಗಿದಿದ್ದರೆ ಬುಡದಲ್ಲೇ ಹರಿದು ಗಾಳಿ ಒಂದೇ ಸಲ ಹೋಗುತ್ತೆ. ಹೊಸ ಟೈರಿನ ಮೈಮೇಲೆ ಅಚ್ಚಿನ ನುಣುಪು ಇರುತ್ತೆ, ಮೊದಲ ನೂರೈವತ್ತು ಕಿಲೋಮೀಟರ್ ಸಮಾಧಾನವಾಗಿ ಓಡಿಸಿ.

ಪ್ರಶ್ನೆಗಳಿಗೆ ಬರೋಣ. ಒಬ್ಬರು ಕೇಳಿದ್ದು: ಕಡ್ಡಿ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರು ಹಾಕಬಹುದಾ? ಅಳತೆ, ಭಾರ ಸರಿ ಇದ್ದು, ತಯಾರಕರು ಒಪ್ಪಿದ್ದರೆ ಒಳಗೆ ಟ್ಯೂಬು ಹಾಕಿ ಬಳಸಬಹುದು. ಟ್ಯೂಬಿಲ್ಲದೆ ಬೇಡ. ಕಡ್ಡಿಯ ತೂತುಗಳಲ್ಲಿ ಗಾಳಿ ಸೋರುತ್ತೆ ಅನ್ನೋದು ಒಂದು. ಟೈರಿನ ಅಂಚನ್ನು ಹಿಡಿದು ನಿಲ್ಲಿಸುವ ಉಬ್ಬು ನಮ್ಮ ರಿಮ್ಮುಗಳಲ್ಲಿ ಇರೋದಿಲ್ಲ ಅನ್ನೋದು ಅದಕ್ಕಿಂತ ದೊಡ್ಡ ವಿಷಯ.

ಹಿಂದಿನದು ಮಾತ್ರ ಸವೆದಿದೆ, ಒಂದೇ ಬದಲಾಯಿಸಿದರೆ ಸಾಕಾ ಅಂತ ಇನ್ನೊಬ್ಬರು. ಮುಂದಿನದರ ತಾರೀಖು ಓದಿ ನೋಡಿ. ಅದೂ ಹಳೆಯದಾಗಿದ್ದು ಈಗ ಒಂದಕ್ಕೇ ದುಡ್ಡಿದ್ದರೆ, ಮೊದಲು ಮುಂದಿನದನ್ನೇ ಹೊಸದು ಮಾಡಿ, ಹಿಂದಿನದು ಬರುವವರೆಗೆ ಗಾಡಿ ಹೊರಗೆ ತೆಗೆಯಬೇಡಿ. ಹಿಂದಿನ ಚಕ್ರ ಜಾರಿದರೆ ಸುಧಾರಿಸಿಕೊಳ್ಳೋಕೆ ಒಂದು ಕ್ಷಣ ಸಿಗುತ್ತೆ, ಮುಂದಿನದು ಜಾರಿದರೆ ಸಿಗಲ್ಲ.

ಕೊನೆಯ ಪ್ರಶ್ನೆ ಹಿರಿಯರೊಬ್ಬರದು. ಅವರ ಜಾವಾ ಮೊದಲು ನೋಂದಣಿಯಾಗಿ ಐವತ್ತು ವರ್ಷ ದಾಟಿದೆ, 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ ಹಾಕಬೇಕು ಅಂತಿದ್ದಾರೆ. ಮಳೆಗಾಲ ಪೂರ್ತಿ ಗಾಡಿ ತೆಗೆಯಲ್ಲ, ಟೈರು ಉಳಿಸಿಕೊಳ್ಳೋದು ಹೇಗೆ ಅಂತ ಕೇಳಿದರು. ಸಾರ್, ಮೇನ್ ಸ್ಟ್ಯಾಂಡ್ ಹಾಕಿ, ನೆಲಕ್ಕೆ ತಾಗುವ ಚಕ್ರವೂ ಮೇಲೇಳುವ ಹಾಗೆ ಎಂಜಿನ್ನಿನ ಅಡಿಗೆ ಒಂದು ಮರದ ತುಂಡು ಕೊಡಿ. ಆಗೋದಿಲ್ಲ ಅಂದರೆ ಗಾಳಿ ಸರಿಯಾಗಿಟ್ಟು, ಹದಿನೈದು ದಿನಕ್ಕೊಮ್ಮೆ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಇಲ್ಲದಿದ್ದರೆ ಒಂದೇ ಕಡೆ ಚಪ್ಪಟೆಯಾಗುತ್ತೆ. ನೀರಿನ ಮೋಟಾರ್ ಇರುವ ಕೋಣೆಯಲ್ಲಿ ನಿಲ್ಲಿಸಬೇಡಿ, ಅದರ ಕಿಡಿಯಿಂದ ಓಝೋನ್ ಹುಟ್ಟುತ್ತೆ. ಹೊಳಪಿನ ಪಾಲಿಶ್, ಡೀಸೆಲ್, ಎಣ್ಣೆ ಯಾವುದನ್ನೂ ಟೈರಿಗೆ ಸೋಕಿಸಬೇಡಿ. ಸೋಪು ನೀರಲ್ಲಿ ತೊಳೆದು ಒರೆಸಿದರೆ ಸಾಕು. ಮಳೆ ಬಿಟ್ಟ ಒಂದೆರಡು ಭಾನುವಾರ ಗಾಡಿಯನ್ನು ಹೊರಗೆ ತೆಗೆದು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ. ಆ ಟೈರಿಗೆ ಅದಕ್ಕಿಂತ ಒಳ್ಳೆಯ ಆರೈಕೆ ಇಲ್ಲ.